ಹುಳುಮನೆಯೊಳಗಿನ ಮೆರಿಟಾ ಕಾರ್ಟರ್

ಕೊರೊನಾ ಕಾಲ ಕಳೆದು, ಜನ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಓಡಾಡತೊಡಗಿದ್ದ ವರ್ಷ ಅದು. ನಾನಾಗ ಮದ್ದೂರು ತಾಲ್ಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಎ.ಎಸ್.ಐ., ಅಂದರೆ ಅಸಿಸ್ಟೆಂಟ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಠಾಣೆಯ ಹೆಸರು ಬೇಡ. ಇಲ್ಲಿ ಹೇಳಹೊರಟಿರುವ ತಪ್ಪು ಠಾಣೆಯದಲ್ಲ, ನನ್ನದು. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕಾನ್‌ಸ್ಟೇಬಲ್ ಆಗಿ ಸೇರಿದವನು ನಾನು. ಭುಜದ ಮೇಲೆ ನಕ್ಷತ್ರ ಬರುವ ಹೊತ್ತಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು, ನಿವೃತ್ತಿ ಹತ್ತಿರದಲ್ಲೇ ಇತ್ತು.

ನಮ್ಮ ಕೆಲಸದಲ್ಲಿ ಸಂಶಯವೇ ಬಂಡವಾಳ. ಠಾಣೆಗೆ ಬಂದವನು ಮೊದಲ ಸಲ ಹೇಳಿದ್ದನ್ನೇ ಎರಡನೇ ಸಲವೂ ಹೇಳುತ್ತಾನೋ ಇಲ್ಲವೋ ಎಂದು ನೋಡುವುದು ನಾನು ಕಲಿತ ಮೊದಲ ಪಾಠ. ಹೆಸರಿನ ವಿಷಯದಲ್ಲಂತೂ ಇನ್ನೂ ಬಿಗಿ. ಒಬ್ಬನೇ ಮನುಷ್ಯ ಒಂದು ಕಡೆ ರಾಜು, ಇನ್ನೊಂದು ಕಡೆ ರಾಜಣ್ಣ, ಮತ್ತೊಂದು ಕಡೆ ರಾಜೇಗೌಡ ಆಗಿದ್ದರೆ ನಾವು ಕೇಸಿನ ಕಾಗದದಲ್ಲಿ ನಡುವೆ ಅಲಿಯಾಸ್ ಎಂದು ಬರೆಯುತ್ತೇವೆ. ಅಲಿಯಾಸ್ ಇರುವವನ ಮೇಲೆ ಒಂದು ಕಣ್ಣು ಹೆಚ್ಚಾಗಿಯೇ ಇರುತ್ತದೆ. ಈ ಅಭ್ಯಾಸದಿಂದ ಎಷ್ಟೋ ಕಳ್ಳರನ್ನು ಹಿಡಿದಿದ್ದೇನೆ. ಅದೇ ಅಭ್ಯಾಸ ಒಂದು ಸಲ ನನ್ನಿಂದ ಮಾಡಿಸಿದ ಕೆಲಸ ಮಾತ್ರ ಯಾವ ಕಳ್ಳನೂ ಮಾಡದಂಥದು.

ಆ ದಿನಗಳಲ್ಲಿ ಸೈಬರ್ ವಂಚನೆಯ ಬಗ್ಗೆ ನಮಗೆಲ್ಲ ಒಂದು ತರಬೇತಿ ಆಯಿತು. ಕೆಲವು ಗ್ಯಾಂಗುಗಳು ಊರಾಚೆ ಕೋಣೆ ಹಿಡಿದು ಕೂತು, ಹೊರದೇಶದವರಿಗೆ ಫೋನು ಮಾಡಿ, ಅವರ ದೇಶದವರ ಹಾಗೆಯೇ ಮಾತಾಡಿ ಮೋಸ ಮಾಡುತ್ತವೆ ಎಂದು ಪಾಠ ಹೇಳಿದವರು ವಿವರಿಸಿದರು. ಅಮೆರಿಕದವನಿಗೆ ಅಮೆರಿಕದ ಇಂಗ್ಲಿಷು, ಲಂಡನ್ನಿನವನಿಗೆ ಲಂಡನ್ನಿನ ಇಂಗ್ಲಿಷು. ಇದಕ್ಕೆ ಆಕ್ಸೆಂಟ್ ಅನ್ನುತ್ತಾರೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ನನಗೆ ಬರುವ ಇಂಗ್ಲಿಷು ಒಂದೇ ಥರದ್ದು, ಅದೂ ಅರ್ಜಿ ಓದುವಷ್ಟು.

ತರಬೇತಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ನಮ್ಮ ತಾಲ್ಲೂಕಿನದೇ ಕೊಪ್ಪದ ಕಡೆಯ ಒಂದು ಹಳ್ಳಿಯಿಂದ ಶಿವಲಿಂಗ ಎಂಬುವನು ಠಾಣೆಗೆ ಬಂದ. ಊರಿನ ಸಣ್ಣಪುಟ್ಟ ಸುದ್ದಿ ತಂದು ಹೇಳುವವನು, ನನಗೆ ಮೊದಲಿನಿಂದ ಪರಿಚಯ. ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದ.

"ಸಾ, ನಮ್ಮೂರ್ ಸಣ್ಣತಾಯಮ್ಮನ ಹುಳುಮನೇಲಿ ಏನೋ ನಡೀತಾದೆ. ಒಳಗಡೆ ದೊರೆಗೋಳು ಮಾತಾಡ್ತಾರೆ."

"ಯಾವ ದೊರೆಗಳಯ್ಯಾ?"

"ಬಿಳೀ ದೊರೆಗೋಳು ಸಾ. ಒಂದೆಂಗ್ಸು ಒಂದ್ ತರ ಮಾತಾಡ್ತದೆ, ಇನ್ನೊಂದು ಇನ್ನೊಂದ್ ತರ. ಒಳಕ್ಕೋಗೋಳು ಮಾತ್ರ ಒಬ್ಳೇ. ಸಣ್ಣತಾಯಮ್ಮನ ಮಗ್ಳು ಭಾಗ್ಯ. ಗಂಡನ್ನ ಬುಟ್ ಬಂದೋಳು."

"ಏನು ಮಾತಾಡ್ತಾರೆ?"

"ಅದೇ ಇಕಮತ್ತು. ಬೇರೇನೂ ಇಲ್ಲ. ಒಂದೇ ಎಸ್ರು. ಒಂದಪ ಮೆರೀಡಾ ಕಾರ್ಡರ್ ಅಂತದೆ, ಒಂದಪ ಮೆರೀಟಾ ಕಾಟ ಅಂತದೆ. ಬೆಳಿಗ್ಗಿಂದ ಕಾಟ, ಕಾಟ. ಕೇಳೀ ಕೇಳೀ ನಮ್ಗೇ ಕಾಟ ಆಗೋಗದೆ ಸಾ."

ಹುಳುಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಒಂದು ಮಾತು. ಹುಳು ಬಹಳ ಸೂಕ್ಷ್ಮ. ಆದ್ದರಿಂದ ಆ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಬಾಗಿಲಲ್ಲಿ ಕೈಕಾಲು ತೊಳೆದೇ ಒಳಗೆ ಹೋಗಬೇಕು. ಕಿಟಕಿಗೆ ಬಲೆ, ಬೇಸಿಗೆಯಾದರೆ ಒದ್ದೆ ಗೋಣಿಯ ಪರದೆ. ಯಾರೂ ಇಣುಕದ, ಇಣುಕಿದರೆ ಬೈಸಿಕೊಳ್ಳುವ ಜಾಗ. ವಂಚಕರಿಗೆ ಇದಕ್ಕಿಂತ ಒಳ್ಳೆಯ ಕೋಣೆ ಎಲ್ಲಿ ಸಿಗುತ್ತದೆ ಎಂದು ನನಗೆ ಅನ್ನಿಸಿತು.

ಆಗಲೇ ಮಫ್ತಿಯಲ್ಲಿ, ಅಂದರೆ ಸಾದಾ ಬಟ್ಟೆಯಲ್ಲಿ, ಬೈಕು ಹತ್ತಿ ಹೋದೆ. ಸಣ್ಣತಾಯಮ್ಮನ ಹುಳುಮನೆ ಊರಿನ ಹಿಂದೆ, ಹಿಪ್ಪುನೇರಳೆ ತೋಟದ ಅಂಚಿಗಿತ್ತು. ಆಚೆ ಬದಿ ಕಬ್ಬಿನ ಗದ್ದೆ. ಗದ್ದೆಯ ಬದುವಿನ ಮೇಲೆ ನಿಂತು ಕಿವಿಗೊಟ್ಟೆ. ಒಳಗಿನಿಂದ ಹೆಣ್ಣು ದನಿ ಕೇಳಿತು. ಮೆರೀಡಾ ಕಾರ್ಡರ್. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದೇ. ಆಮೇಲೆ ಬೇರೊಬ್ಬಳು, ಗಂಭೀರವಾದ ದನಿ, ಮೆರೀಟಾ ಕಾಟ. ಆಮೇಲೆ ಮೂಗಿನಿಂದ ಎಳೆದು ಮಾತಾಡುವ ಇನ್ನೊಬ್ಬಳು, ಮೆರೀಡಾ ಕಾಡ. ಮೂರು ಜನ ಹೆಂಗಸರು ಒಳಗಿದ್ದಾರೆ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತಿದ್ದೆ. ಬಾಗಿಲು ತೆರೆದಾಗ ಹೊರಗೆ ಬಂದವಳು ಒಬ್ಬಳೇ. ಸೆರಗಿನಿಂದ ಬೆವರು ಒರೆಸಿಕೊಂಡು ಮನೆಯ ಕಡೆ ನಡೆದಳು.

ಆ ಮೇಲಿನ ದಿನಗಳಲ್ಲಿ ಎರಡು ಮೂರು ಸಲ ಹೋದೆ. ದನಿ ಇಲ್ಲ. ಶಿವಲಿಂಗನಿಗೆ ಕಣ್ಣಿಡಲು ಹೇಳಿದೆ. ಅವನು ಫೋನಿನಲ್ಲಿ ವರದಿ ಕೊಡುತ್ತಿದ್ದ. ಒಂದು ದಿನ ಪೂರ್ತಿ ದನಿ ಬರುತ್ತದೆ, ಆಮೇಲೆ ಮೂರು ನಾಲ್ಕು ದಿನ ಸದ್ದೇ ಇಲ್ಲ, ಮತ್ತೆ ಒಂದು ದಿನ ದನಿ. ನನಗೆ ಲೆಕ್ಕ ಸರಿಹೋಯಿತು. ಇಂಥ ಗ್ಯಾಂಗುಗಳು ಒಂದೇ ಕಡೆ ಕೂರುವುದಿಲ್ಲ, ಜಾಗ ಬದಲಾಯಿಸುತ್ತಿರುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮಂಡ್ಯದಲ್ಲೊಂದು ಕೋಣೆ, ಮಳವಳ್ಳಿಯಲ್ಲೊಂದು ಕೋಣೆ, ಇಲ್ಲೊಂದು ಎಂದು ಮನಸ್ಸಿನಲ್ಲೇ ನಕ್ಷೆ ಹಾಕಿದೆ.

ಭಾಗ್ಯಳ ಬಗ್ಗೆ ವಿಚಾರಿಸಿದೆ. ಮೈಸೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದಳು. ಮದುವೆಯಾಗಿ, ಗಂಡನ ಮನೆಯಲ್ಲಿ ಬಾಳಲಾರದೆ ತಾಯಿಯ ಹತ್ತಿರ ಬಂದು ಇದ್ದಳು. ತಂದೆ ಇಲ್ಲ. ತಾಯಿಗೂ ಮಗಳಿಗೂ ಇದ್ದದ್ದು ಆ ತೋಟ, ಆ ಹುಳುಮನೆ, ಒಂದು ಹಸು. ಊರಿನಲ್ಲಿ ಅವಳ ಬಗ್ಗೆ ಮೊದಲೇ ಪಿಸುಮಾತಿತ್ತು. ಗಂಡನನ್ನು ಬಿಟ್ಟು ಬಂದವಳು, ಲ್ಯಾಪ್‌ಟಾಪ್ ಹಿಡಿದು ಹುಳುಮನೆಗೆ ಹೋಗುವವಳು. ಇಷ್ಟು ಸಾಕಾಗಿತ್ತು ನನಗೆ.

ಮುಂದಿನ ಸಲ ದನಿ ಕೇಳಿತೆಂದು ಶಿವಲಿಂಗ ಫೋನು ಮಾಡಿದ ತಕ್ಷಣ ಒಬ್ಬ ಕಾನ್‌ಸ್ಟೇಬಲ್, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಇಬ್ಬರನ್ನೂ ಕರೆದುಕೊಂಡು ಜೀಪಿನಲ್ಲಿ ಹೊರಟೆ. ಸರ್ಚ್ ವಾರೆಂಟ್ ಇರಲಿಲ್ಲ. ಸುಮ್ಮನೆ ವಿಚಾರಣೆ ಎಂದು ಹೋದದ್ದು. ಜೀಪಿನ ಹಿಂದೆ ಊರಿನವರೂ ಬಂದರು.

ಬಾಗಿಲಲ್ಲಿ ಸಣ್ಣತಾಯಮ್ಮ ಅಡ್ಡ ನಿಂತಳು. "ಸಾ, ಕೈಕಾಲ್ ತೊಳ್ಕಂಡ್ ಬನ್ನಿ. ಹುಳ ನಾಕ್ನೇ ಜ್ವರ್ದಲ್ಲವೆ." ನಾನು ಕೇಳಿಸಿಕೊಳ್ಳಲಿಲ್ಲ. ಬೂಟುಗಾಲಲ್ಲೇ ಒಳಗೆ ಹೋದೆ.

ಒಳಗೆ ಒಬ್ಬಳೇ ಇದ್ದಳು. ಹುಳುತಟ್ಟೆಗಳ ಸ್ಟ್ಯಾಂಡಿನ ಪಕ್ಕ ಒಂದು ಸ್ಟೂಲು, ಅದರ ಮೇಲೆ ಲ್ಯಾಪ್‌ಟಾಪ್, ಬೆರಳುದ್ದದ ಒಂದು ಮೈಕು. ಸುತ್ತ ಗೋಣಿ ಪರದೆ. ನೆಟ್ಟಗೆ ಕೇಳಿದೆ.

"ಯಾರಮ್ಮ ಈ ಮೆರಿಟಾ ಕಾರ್ಟರ್?"

"ಸಿನಿಮಾ ನಟಿ ಸರ್. ಅಮೆರಿಕದೋಳು."

"ಅವಳನ್ನ ನೀನ್ಯಾಕೆ ಕರೀತಿದೀಯ?"

ಭಾಗ್ಯ ಹೆದರಿದ್ದಳು, ಆದರೆ ಬಿಡಿಸಿ ಹೇಳಿದಳು. ಬೆಂಗಳೂರಿನ ಒಂದು ಕಂಪನಿಗೆ ಅವಳು ದನಿ ಕೊಡುತ್ತಾಳೆ. ಹೆಸರಾಂತ ಜನರ ಹೆಸರನ್ನು ಬೇರೆ ಬೇರೆ ದೇಶದವರು ಹೇಗೆ ಹೇಳುತ್ತಾರೆ ಎಂದು ಕೇಳಿಸುವ ಒಂದು ಆ್ಯಪ್ ಅವರದು. ವಾರ್ತೆ ಓದುವವರು, ಇಂಗ್ಲಿಷ್ ಕಲಿಯುವವರು ಅದನ್ನು ಕೇಳುತ್ತಾರಂತೆ. ಅಮೆರಿಕದವರು ಆ ಹೆಸರಿನ ಟಕಾರವನ್ನು ಮೃದು ಮಾಡಿ ಕಾರ್ಡರ್ ಅನ್ನುತ್ತಾರೆ, ಕೊನೆಯ ರಕಾರವನ್ನು ನಾಲಗೆ ಸುತ್ತಿ ಹೇಳುತ್ತಾರೆ. ಲಂಡನ್ನಿನವರು ರಕಾರವನ್ನು ನುಂಗಿ ಟಕಾರವನ್ನು ಗಟ್ಟಿಯಾಗಿ ಅನ್ನುತ್ತಾರೆ. ಆಸ್ಟ್ರೇಲಿಯಾದವರು ರಕಾರವನ್ನೂ ನುಂಗುತ್ತಾರೆ, ಟಕಾರವನ್ನೂ ಮೃದು ಮಾಡುತ್ತಾರೆ.

"ಇದರಲ್ಲಿ ಸರಿಯಾದ್ದು ಯಾವುದು?" ಎಂದೆ.

"ಎಲ್ಲಾ ಸರೀನೆ ಸರ್. ಆದ್ರೆ ಆಯಮ್ಮ ತನ್ನ ಹೆಸರು ತಾನು ಹೆಂಗೆ ಹೇಳ್ತಾಳೋ ಅದನ್ನ ಮೊದಲು ಹಾಕ್ತೀವಿ. ಮಿಕ್ಕಿದ್ದು ಆಮೇಲೆ."

ಒಂದು ಪ್ರಶ್ನೆಗೆ ಮೂರು ಉತ್ತರ, ಮೂರೂ ಸರಿ. ನನ್ನ ಸರ್ವಿಸಿನಲ್ಲಿ ಅಂಥ ಮಾತು ಕೇಳಿದಾಗಲೆಲ್ಲ ಎದುರಿಗಿದ್ದವನು ಸುಳ್ಳುಗಾರನೇ ಆಗಿದ್ದ. "ಹಂಗಾದ್ರೆ ನಾಲ್ಕು ದಿನಕ್ಕೊಂದು ಸಲ ಯಾಕೆ ಮಾತಾಡ್ತೀಯ? ಮಿಕ್ಕಿದ ದಿನ ಎಲ್ಲಿರ್ತೀಯ?" ಎಂದು ಗದರಿದೆ.

"ಹುಳ ಮೇಯೋ ದಿನ ಸದ್ದಲ್ವಾ ಸರ್. ಮೈಕಿಗೆ ಬರುತ್ತೆ. ಜ್ವರಕ್ಕೆ ಕೂತಾಗ ಮಾತ್ರ ಇಲ್ಲಿ ಒಂಚೂರೂ ಸದ್ದಿರಲ್ಲ. ಮನೇಲಾದ್ರೆ ಟ್ರಾಕ್ಟ್ರು, ದೇವಸ್ಥಾನದ ಮೈಕು. ಅದಕ್ಕೆ ಜ್ವರದ ದಿನ ನೋಡ್ಕೊಂಡು ರೆಕಾರ್ಡ್ ಮಾಡ್ತೀನಿ."

ನನ್ನ ಕೆನ್ನೆಗೆ ಬಾರಿಸಿದ ಹಾಗಾಯಿತು. ನಾನು ಮಳವಳ್ಳಿ ತಾಲ್ಲೂಕಿನ ರೇಷ್ಮೆ ಬೆಳೆಗಾರನ ಮಗ. ಹುಳುಮನೆಯಲ್ಲೇ ಬೆಳೆದವನು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿಕೊಂಡು, ಕದಲದೆ ಕೂರುತ್ತದೆ. ಅದನ್ನೇ ನಾವು ಜ್ವರ ಅನ್ನುವುದು. ಅಂಥ ಜ್ವರ ನಾಲ್ಕು. ಮಿಕ್ಕ ದಿನ ಹುಳು ಸೊಪ್ಪು ಕಡಿಯುವ ಸದ್ದು ಮಳೆ ಹಿಡಿದ ಹಾಗೆ ಕೇಳುತ್ತಲೇ ಇರುತ್ತದೆ. ದನಿ ಬಂದ ದಿನಗಳಿಗೂ ಜ್ವರದ ದಿನಗಳಿಗೂ ತಾಳೆ ನೋಡಿದ್ದರೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ನನಗೆ ಗೊತ್ತಾಗುತ್ತಿತ್ತು. ಪೊಲೀಸನಾಗಿ ಗೊತ್ತಾಗಲಿಲ್ಲ.

ಅಲ್ಲಿಗೇ ನಿಲ್ಲಿಸಿ ಹಿಂದಿರುಗಬಹುದಿತ್ತು. ಬಾಗಿಲಲ್ಲಿ ಜನ ಇದ್ದರು. ಭಾಗ್ಯ, ತಾನು ಸುಳ್ಳು ಹೇಳುತ್ತಿಲ್ಲ ಎಂದು ತೋರಿಸಲೋ ಏನೋ, ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಹೇಳಿದಳು. "ಈಗ ನಿಮ್ಮ ಹೆಸರೇ ತಗೊಳ್ಳಿ ಸರ್. ಪುಟ್ಟಸ್ವಾಮಿ. ಅಮೆರಿಕದೋರಾದ್ರೆ ಪುಡಸ್ವಾಮಿ ಅಂತಾರೆ. ಲಂಡನ್ನೋರು ಪಟಸ್ವಾಮಿ ಅಂದ್ರೂ ಅಂದಾರು."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. "ಪುಡಸ್ವಾಮಿ ಸಾಯೇಬ್ರು ಕಣ್ಲಾ" ಎಂದಿತು ಒಂದು ದನಿ. ಕಾನ್‌ಸ್ಟೇಬಲ್ ಕೂಡ ಮುಖ ಆಚೆ ತಿರುಗಿಸಿಕೊಂಡ. ಅವಳು ಗೇಲಿ ಮಾಡಿರಲಿಲ್ಲ, ಅದು ನನಗೆ ಅವತ್ತೂ ಗೊತ್ತಿತ್ತು. ಆದರೂ ಮೈ ಉರಿಯಿತು. "ಎಲ್ಲಾ ಜಾಲಾಡ್ರೋ" ಎಂದೆ.

ನಾವು ಜಾಲಾಡಿದೆವು. ಸ್ಟ್ಯಾಂಡಿನ ಹಿಂದೆ, ಅಟ್ಟದ ಮೇಲೆ, ಚಂದ್ರಿಕೆಗಳ ಸಂದಿಯಲ್ಲಿ. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ಚಾಪೆ. ಪಕ್ಕದ ಸಣ್ಣ ಕೋಣೆಯಲ್ಲಿ, ಜ್ವರ ಏಳುವ ಹುಳುವಿಗೆಂದು ಕೊಯ್ದು ತಂದಿದ್ದ ಸೊಪ್ಪಿನ ರಾಶಿ ಒದ್ದೆ ಗೋಣಿಯ ಕೆಳಗಿತ್ತು. ಫೋನುಗಳನ್ನು ಇದರಲ್ಲಿ ಹೂತಿರಬಹುದೆಂದು ನಾನೇ ಬಗ್ಗಿ, ಮೊಣಕೈವರೆಗೆ ಕೈ ಹಾಕಿ ತಡಕಿದೆ. ಎದೆಯ ಜೇಬಿನಲ್ಲಿದ್ದ ಹೊಗೆಸೊಪ್ಪಿನ ಪೊಟ್ಟಣ ಆಗ ಜಾರಿ ರಾಶಿಯ ಮೇಲೆ ಬಿತ್ತು. ಬಾಯಿ ಬಿಚ್ಚಿದ್ದ ಪೊಟ್ಟಣ. ಜೀಪಿನಲ್ಲಿ ಬರುವಾಗ ಅದೇ ಹೊಗೆಸೊಪ್ಪನ್ನು ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕಿದ್ದೆ, ಕೈಯನ್ನೂ ತೊಳೆದಿರಲಿಲ್ಲ.

ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ. ಅದರ ಪುಡಿ ಸೋಕಿದ ಸೊಪ್ಪು ತಿಂದರೆ ಹುಳು ಹಸಿರು ಕಕ್ಕಿ, ಸುರುಟಿಕೊಂಡು ಸಾಯುತ್ತದೆ. ನಮ್ಮಪ್ಪ ಬೀಡಿ ಸೇದುವ ನೆಂಟರನ್ನು ತೋಟದ ಅಂಚಿಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಇದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿದ್ದ ವಿಷಯ. ಪೊಟ್ಟಣವನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಕಣ್ಣಿಗೆ ಕಂಡ ಪುಡಿಯನ್ನು ಬೆರಳಿನಿಂದ ಉದುರಿಸಿದೆ. ಸುತ್ತ ನೋಡಿದೆ. ಯಾರೂ ಕಂಡಿರಲಿಲ್ಲ. ಈ ಸೊಪ್ಪು ಎಸೆದುಬಿಡಿ, ಬೇರೆ ಕೊಯ್ದು ತನ್ನಿ ಎಂಬ ಒಂದು ಮಾತು ನಾಲಗೆಯ ತುದಿಗೆ ಬಂತು. ಪುಡಸ್ವಾಮಿ ಎಂದು ಈಗತಾನೇ ನಕ್ಕವರ ಮುಂದೆ ಆ ಮಾತು ಆಡುವುದಕ್ಕೆ ಆಗಲಿಲ್ಲ. ಏನೂ ಆಗಲಿಕ್ಕಿಲ್ಲ ಎಂದು ಅಂದುಕೊಂಡು ಗೋಣಿ ಮುಚ್ಚಿದೆ.

ಏನೂ ಸಿಗಲಿಲ್ಲ. ಠಾಣೆಗೆ ಹೋಗಿ ಕಂಪನಿಗೆ ಫೋನು ಮಾಡಿಸಿದೆ. ಭಾಗ್ಯ ಹೇಳಿದ್ದೆಲ್ಲ ನಿಜ ಎಂದು ಅವರು ಹೇಳಿದರು, ಕಾಗದ ಪತ್ರವನ್ನೂ ಕಳಿಸಿದರು. ವಿಚಾರಣೆಯಲ್ಲಿ ಅಪರಾಧ ಕಂಡುಬಂದಿಲ್ಲ ಎಂದು ಬರೆದು ಮುಗಿಸಿದೆ. ಅದನ್ನು ಊರಿಗೆ ಹೋಗಿ ಯಾರಿಗೂ ಹೇಳಲಿಲ್ಲ. ಪೊಲೀಸರು ಜೀಪು ತಂದದ್ದನ್ನು ಊರೆಲ್ಲ ಕಂಡಿತ್ತು. ಏನೂ ಇಲ್ಲ ಎಂದು ತಿಳಿದದ್ದು ನನಗೂ ನನ್ನ ಮೇಜಿಗೂ ಮಾತ್ರ.

ಕೆಲವು ದಿನ ಬಿಟ್ಟು ಸಣ್ಣತಾಯಮ್ಮ ಠಾಣೆಗೆ ಬಂದಳು. ದೂರು ಕೊಡಲು ಬಂದಿದ್ದಾಳೆ ಎಂದುಕೊಂಡೆ. ಆದರೆ ಅವಳು ಕೇಳಲು ಬಂದಿದ್ದಳು.

"ಸಾ, ನೀವೂ ಹುಳ ಸಾಕ್ದೋರ್ ಮಗಾ ಅಂತ ಕೇಳ್ದೆ. ಅದ್ಕೇ ಬಂದೆ. ಹುಳ ಎಲ್ಲಾ ಓಯ್ತು. ಜ್ವರ ಎದ್ದು ಎರಡ್ ಸೊಪ್ಪು ತಿಂದ್ವು, ಕಕ್ಕಂಡ್ವು. ಒಂದ್ ತಟ್ಟೇನೂ ಉಳೀನಿಲ್ಲ. ಯಾಕಿಂಗಾಯ್ತು ಸಾ?"

ಅವಳ ಮುಖದಲ್ಲಿ ಸಂಶಯದ ಗೆರೆಯೂ ಇರಲಿಲ್ಲ. ಅದೇ ನನಗೆ ತಡೆಯಲಾರದ್ದಾಯಿತು. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಜ್ವರದಲ್ಲಿರೋ ಹುಳದ ಮುಂದೆ ಮಾತು ಕತೆ ಆಡಬಾರದು ತಾಯಿ. ನಮ್ಮಪ್ಪ ಹೇಳೋರು. ನಿನ್ನ ಮಗಳು ದಿನಗಟ್ಟಲೆ ಅಲ್ಲಿ ಕೂತು ಮಾತಾಡಿದ್ದಾಳಲ್ಲ."

ನಮ್ಮಪ್ಪ ಹಾಗೆಂದು ಒಂದು ದಿನವೂ ಹೇಳಿರಲಿಲ್ಲ. ಆ ಮಾತು ಅವತ್ತು ಆ ಕುರ್ಚಿಯ ಮೇಲೆ ಹುಟ್ಟಿತು.

"ಹುಳ ಓದ್ರೆ ಓಗ್ಲಿ ಬುಡಿ, ಇನ್ನೊಂದಪ ಮೊಟ್ಟೆ ತತ್ತೀನಿ. ಊರೋರು ಏನಂತಾರೋ ಅಂತ ನಂಗೆ. ಮೊದ್ಲೇ ಗಂಡನ್ ಬುಟ್ ಬಂದವ್ಳೆ. ಇವ್ಳ ಎಸ್ರೂ ಓದ್ರೆ ಅದ್ನ ಎಲ್ಲಿಂದ ತರ್ಲಿ ಸಾ?" ಎಂದು ಸಣ್ಣತಾಯಮ್ಮ ಎದ್ದು ಹೋದಳು.

ಹೆಸರು ಹೋಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಶಿವಲಿಂಗ ಬಂದಾಗಲೆಲ್ಲ ಒಂದೊಂದು ಸುದ್ದಿ ಹೇಳುತ್ತಿದ್ದ. ಭಾಗ್ಯಳನ್ನು ತಾಯಿಯೇ ಹುಳುಮನೆಗೆ ಸೇರಿಸುತ್ತಿಲ್ಲ. ಸೊಪ್ಪು ಕೊಯ್ಯಲು ಬೇರೆಯವರ ತೋಟಕ್ಕೂ ಅವಳನ್ನು ಕರೆಯುವುದಿಲ್ಲ. ಅವಳು ಬೀದಿಯಲ್ಲಿ ಬಂದರೆ ಹುಳು ಇರುವ ಮನೆಯವರು ಬಾಗಿಲು ಎಳೆದುಕೊಳ್ಳುತ್ತಾರೆ. ದನಿ ಕೊಡುವ ಕೆಲಸ ನಿಂತುಹೋಯಿತು. ಟ್ರಾಕ್ಟರಿನ ಸದ್ದು ಬೆರೆತ ದನಿ ಕಂಪನಿಗೆ ಬೇಡವಾಯಿತಂತೆ. "ನೀವ್ ಯೋಳಿದ್ದೇ ಸರಿ ಸಾ, ಆವಮ್ಮನ್ ಬಾಯೇ ಸರಿ ಇಲ್ಲ" ಎಂದು ಅವನು ನನ್ನನ್ನು ಹೊಗಳುತ್ತಿದ್ದ. ನಾನು ಟೀ ತರಿಸಿ ಮಾತು ಬದಲಾಯಿಸುತ್ತಿದ್ದೆ. ನಿವೃತ್ತನಾದೆ. ಹಾರ ಹಾಕಿದರು, ಕಳಂಕವಿಲ್ಲದ ಸೇವೆ ಎಂದು ಭಾಷಣ ಮಾಡಿದರು. ನಾನು ಕೈ ಮುಗಿದೆ.

ಮಂಡ್ಯದಲ್ಲಿ ಮನೆ ಮಾಡಿಕೊಂಡು ಇದ್ದೆ. ಒಮ್ಮೆ ಮಳವಳ್ಳಿ ಕಡೆಯ ನಮ್ಮೂರಿಗೆ ಹೋಗಿದ್ದಾಗ ತಮ್ಮನ ಸೊಸೆ ಹುಳುಮನೆಯಲ್ಲಿ ನೆಲ ಗುಡಿಸುತ್ತಿದ್ದಳು. ಬಾಗಿಲಲ್ಲಿ ನಿಂತು ಬೆಳೆ ಹೇಗಿದೆಯಮ್ಮ ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟು, ಹೊರಗೆ ಬಂದು ಮೆಲ್ಲಗೆ ಹೇಳಿದಳು.

"ಹುಳ ಜ್ವರದಲ್ಲವೆ ದೊಡ್ಮಾವ, ಮಾತಾಡ್ಬಾರ್ದು. ಕೊಪ್ಪದ್ ಕಡೆ ಭಾಗ್ಯ ಅಂತ ಒಬ್ಳು ಇಂಗ್ಲೀಸ್ ಮಾತಾಡಿ ಮಾತಾಡಿ ಮನೆ ಹುಳಾನೆಲ್ಲಾ ಕೊಂದಾಕುದ್ಲಂತೆ. ಪೊಲೀಸ್ನೋರೇ ಯೋಳವ್ರಂತೆ."

ನಾನು ಹೇಳಿದ ಸುಳ್ಳು ಒಂದು ತಾಲ್ಲೂಕು ದಾಟಿ, ತಿಳಿವಳಿಕೆಯ ಮಾತಾಗಿ, ನಾನು ಹುಟ್ಟಿದ ಮನೆಯ ಬಾಗಿಲಿಗೆ ಬಂದಿತ್ತು. ಭಾಗ್ಯಳ ಹೆಸರು ದಾರಿಯಲ್ಲಿ ಎಷ್ಟು ಬಾಯಿಗೆ ಬಿದ್ದಿದೆಯೋ. ಒಂದಕ್ಷರವೂ ಕೆಡದೆ ಬಂದಿತ್ತು. ಅವತ್ತೇ ಮಂಡ್ಯಕ್ಕೆ ಹಿಂದಿರುಗಿದೆನೇ ಹೊರತು ಮನೆಯಲ್ಲಿ ಕೂರಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಭಾಗ್ಯಳ ಊರಿಗೆ ಹೊರಟೆ. ಅವರ ಮನೆಗೇ ಹೋಗಿ ತಾಯಿ ಮಗಳಿಗಷ್ಟೇ ಹೇಳಬಹುದಿತ್ತು. ಅದು ಸುಲಭ. ಆದರೆ ಹೆಸರು ಕೆಟ್ಟದ್ದು ಮನೆಯೊಳಗಲ್ಲ. ನಾನು ಡೇರಿಯ ಹತ್ತಿರ ಇಳಿದೆ. ಬೆಳಗಿನ ಹಾಲು ಹಾಕಲು ಊರಿಗೆ ಊರೇ ಬಂದು ಸಾಲು ನಿಲ್ಲುವ ಹೊತ್ತು. ಸಾಲಿನಲ್ಲಿ ಸಣ್ಣತಾಯಮ್ಮನೂ ಅವಳ ಪಕ್ಕ ಭಾಗ್ಯಳೂ ಇದ್ದರು. ಭಾಗ್ಯಳ ಹಿಂದೆ ಒಂದಾಳಿನಷ್ಟು ಜಾಗ ಬಿಟ್ಟು ಮಿಕ್ಕವರು ನಿಂತಿದ್ದರು. ಆ ಖಾಲಿ ಜಾಗವನ್ನು ನಾನು ಕಂಡೆ.

ಹಾಲಿನ ಕ್ಯಾನುಗಳ ನಡುವೆ ನಿಂತು ಹೇಳಿದೆ. ಹುಳು ಸತ್ತದ್ದು ಮಾತಿನಿಂದಲ್ಲ, ನನ್ನ ಜೇಬಿನ ಹೊಗೆಸೊಪ್ಪಿನಿಂದ. ಸೊಪ್ಪಿನ ಮೇಲೆ ಬಿದ್ದದ್ದನ್ನು ಕಂಡೂ ಹೇಳಲಿಲ್ಲ. ಆಮೇಲೆ ಹುಡುಗಿಯ ಮೇಲೆ ಹಾಕಿದೆ. ಕಂಪನಿಯ ಕೆಲಸವೂ ನಿಜ, ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಮೊದಲು ಬಾಯಿ ತೆರೆದವನು ಶಿವಲಿಂಗ.

"ಅವತ್ ಅಂಗಂದ್ರಿ, ಇವತ್ ಇಂಗಂತೀರಿ. ಯಾವ್ದನ್ ನಂಬದು ಸಾ?"

"ಇವತ್ತಿಂದು ನಂಬಯ್ಯ."

"ಕೆಲ್ಸದಲ್ಲಿದ್ದಾಗ ಆಡ್ದ ಮಾತ್ಗೆ ತೂಕ ಜಾಸ್ತಿ ಅಲ್ವಾ ಸಾ? ಈಗ ನಿಮ್ಗೇನು, ಮನೇಲಿರೋರು."

ಸಾಲಿನ ಹಿಂದಿನಿಂದ ಒಬ್ಬ ಮುದುಕಿ, ನನಗೆ ಕೇಳಿಸಲಿ ಎಂದೇ, ಪಕ್ಕದವಳಿಗೆ ಹೇಳಿದಳು. "ಆ ಉಡ್ಗಿ ಏನ್ ಮದ್ದಾಕವ್ಳೋ ಕಣಮ್ಮಿ ಮುದ್ಕಂಗೆ." ಕೆಲವರು ನಕ್ಕರು. ನಾನು ನಿಂತೇ ಇದ್ದೆ. ಇಷ್ಟು ವರ್ಷ ನಾನು ಬೇರೆಯವರ ಮಾತನ್ನು ತೂಗಿದ ತಕ್ಕಡಿಯಲ್ಲೇ ನನ್ನನ್ನು ತೂಗುತ್ತಿದ್ದರು. ತಪ್ಪೆನ್ನಲಾರೆ.

ಸಣ್ಣತಾಯಮ್ಮ ಸಾಲು ಬಿಟ್ಟು ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಮುಖ ನೋಡದೆ ಮಾತಾಡಿದಳು.

"ಅವತ್ತು ಸೊಪ್ಪಾಕೋವಾಗ ಇವ್ಳು ಯೋಳುದ್ಲು. ಅವ್ವಾ, ಸೊಪ್ಪು ಒಗೆಸೊಪ್ಪಿನ ನಾತ ಬತ್ತದೆ, ಆಕ್ಬ್ಯಾಡ ಅಂತ. ನಿನ್ ಮೂಗ್ಗೇನಾಗದೆ, ಸುಮ್ಕಿರು ಅಂದೆ. ಆಮೇಕೆ ನಿಮ್ತಾವ್ಕೆ ಬಂದೆ. ಮಗಳ್ ಮಾತ್ ಬುಟ್ಟು ನಿಮ್ ಮಾತ್ ಇಡ್ಕಂಡೋದೆ."

ಇಷ್ಟು ಹೇಳಿ ಅವಳು ಮಗಳ ಕಡೆ ತಿರುಗಿದಳು. ಭಾಗ್ಯಳ ಕೈಯಲ್ಲಿದ್ದ ಹಾಲಿನ ಕ್ಯಾನನ್ನು ತಾನು ತೆಗೆದುಕೊಂಡಳು. ಮಗಳು ಕೊಟ್ಟಳು.

ನಾನು ಭಾಗ್ಯಳಿಗೆ ಕ್ಷಮಿಸು ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. "ಇಲ್ಲಿ ಹೇಳಿದ್ರಿ ಸರಿ. ಈ ಮಾತು ಎಲ್ಲಿ ತನಕ ಹೋಗಿದೆ ಅಂತ ಗೊತ್ತಾ ನಿಮಗೆ?" ಎಂದು ಕೇಳಿದಳು. ಮಳವಳ್ಳಿವರೆಗೆ ಹೋಗಿದೆ ಎಂದೆ. "ಹಂಗಾದ್ರೆ ಅಲ್ಲೀ ತನಕ ಹೇಳ್ಕೊಂಡು ಬನ್ನಿ. ನಾನು ಹೋಗಿ ಹೇಳಿದ್ರೆ ನಂಬಲ್ಲ."

ಅಂದಿನಿಂದ ಹೇಳುತ್ತಿದ್ದೇನೆ. ನೆಂಟರ ಮನೆ, ಮದುವೆ ಮನೆ, ಗೂಡಿನ ಮಾರುಕಟ್ಟೆ, ಬಸ್ ಸ್ಟ್ಯಾಂಡು. ಕೊತ್ತತ್ತಿ ಕಡೆ ಒಂದು ದಿನ, ಮಳವಳ್ಳಿ ಕಡೆ ಒಂದು ದಿನ. ಕೆಲವರು ಕೇಳಿ ಅಯ್ಯೋ ಅನ್ನುತ್ತಾರೆ, ಕೆಲವರಿಗೆ ನನ್ನ ತಲೆಯ ಮೇಲೇ ಅನುಮಾನ. ಭಾಗ್ಯ ಮತ್ತೆ ಜ್ವರದ ದಿನಗಳಲ್ಲಿ ಹುಳುಮನೆಯಲ್ಲಿ ಕೂರುತ್ತಿದ್ದಾಳೆ. ಕಂಪನಿ ಈಗ ಬೇರೆ, ಹೆಸರುಗಳೂ ಬೇರೆ. ಇದನ್ನು ಬರೆಯುವ ಮುಂಚೆ ಅವಳನ್ನು ಕೇಳಿದೆ, ನಿನ್ನ ಹೆಸರು ಬದಲಾಯಿಸಿ ಬರೆಯಲೇ ಎಂದು. "ಬೇಡ ಸರ್. ಕೆಟ್ಟಿದ್ದು ಈ ಹೆಸರೇ. ಇದರಲ್ಲೇ ಬರೀರಿ" ಎಂದಳು.

ಕಿರಿಯ ಪೊಲೀಸರು ಇದನ್ನು ಓದುವುದಾದರೆ ಅವರಿಗೆ ನನ್ನದೊಂದು ಮಾತಿದೆ. ಸಂಶಯ ಪಡುವುದು ನಮ್ಮ ಕೆಲಸ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಸಂಶಯ ನಮ್ಮ ಜೀಪಿನ ಜೊತೆ ಠಾಣೆಗೆ ಹಿಂದಿರುಗುವುದಿಲ್ಲ, ಊರಲ್ಲೇ ಉಳಿದುಕೊಳ್ಳುತ್ತದೆ, ಅಲ್ಲಿಂದ ಮುಂದಿನ ಊರಿಗೆ ಹೊರಡುತ್ತದೆ. ಅದು ಸುಳ್ಳೆಂದು ತಿಳಿದ ದಿನವೇ ಅದರ ಹಿಂದೆ ಹೊರಡಬೇಕು. ತಡವಾದಷ್ಟೂ ದಾರಿ ಉದ್ದವಾಗುತ್ತದೆ. ನನ್ನದು ಬಹಳ ಉದ್ದವಾಗಿದೆ.

ಮೊನ್ನೆ ಮಳವಳ್ಳಿಯಿಂದಾಚೆ ಒಂದು ಹಳ್ಳಿಯಲ್ಲಿ, ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದ ಹೆಂಗಸೊಬ್ಬಳಿಗೆ ಬಾಗಿಲಾಚೆ ನಿಂತು ಎಲ್ಲ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಭಾಗ್ಯ ನಿಮ್ಗೇನಾಗ್ಬೇಕು ಯಜಮಾನ್ರೆ?"

"ಏನೂ ಆಗಬೇಕಿಲ್ಲ ತಾಯಿ."

"ಏನೂ ಆಗ್ಬೇಕಿಲ್ದೋರು ಇಷ್ಟ್ ದೂರ ಬತ್ತಾರಾ?"

ಸೊಪ್ಪು ಹಾಕಿ ಮುಗಿಯುವವರೆಗೆ ಜಗಲಿಯ ಮೇಲೆ ಕೂತಿದ್ದೆ. ಅವಳು ಕೈ ಒರೆಸಿಕೊಂಡು ಹೊರಗೆ ಬಂದ ಮೇಲೆ ಮತ್ತೆ ಮೊದಲಿನಿಂದ ಹೇಳತೊಡಗಿದೆ.